ಐಸಿಪಿಸಿ: ಮೂರು ತಲೆ, ಒಂದು ಕೀಬೋರ್ಡ್, 300 ನಿಮಿಷ. ಯಾರು ಯಾವಾಗ ಕೂರಬೇಕು?

ಶೂನ್ಯದಿಂದೆಣಿಕೆ

ಐಸಿಪಿಸಿಗೆ, ಅಂದರೆ ಕಾಲೇಜು ವಿದ್ಯಾರ್ಥಿಗಳ ಅಂತರರಾಷ್ಟ್ರೀಯ ಪ್ರೋಗ್ರಾಮಿಂಗ್ ಸ್ಪರ್ಧೆಗೆ, ಮೊದಲ ಸಲ ಹೊರಡೋ ತಂಡಗಳ ಪ್ರಶ್ನೆ ಎಲ್ಲ ಆಲ್ಗಾರಿದಮ್ ಸುತ್ತಲೇ ಇರುತ್ತೆ. ಸೆಗ್ಮೆಂಟ್ ಟ್ರೀ ಸಾಕಾ, ಫ್ಲೋ ಬೇಕಾ, ಎಫ್‌ಎಫ್‌ಟಿ ಕಲೀಬೇಕಾ ಅಂತ. ಕಲೀರಿ, ಬೇಡ ಅನ್ನಲ್ಲ. ಆದರೆ ಸ್ಪರ್ಧೆ ಇರೋದು ಮೂರು ಜನಕ್ಕೆ ಒಂದೇ ಕಂಪ್ಯೂಟರ್, ಐದು ಗಂಟೆ, ಹೆಚ್ಚುಕಮ್ಮಿ ಹತ್ತರಿಂದ ಹದಿಮೂರು ಸಮಸ್ಯೆ. 12 ಸಮಸ್ಯೆ ಅಂತಿಟ್ಟುಕೊಂಡರೆ ಒಂದಕ್ಕೆ ಕೀಬೋರ್ಡ್ ಸಿಗೋದು 25 ನಿಮಿಷ. ಟೈಪ್ ಮಾಡೋದು, ಕಂಪೈಲ್ ಮಾಡೋದು, ಸ್ಯಾಂಪಲ್ ಓಡಿಸೋದು, ತಪ್ಪು ಹುಡುಕೋದು ಎಲ್ಲ ಅದರಲ್ಲೇ ಮುಗೀಬೇಕು.

ಶಾಲಾ ವಿದ್ಯಾರ್ಥಿಗಳ ಪ್ರೋಗ್ರಾಮಿಂಗ್ ಒಲಿಂಪಿಯಾಡ್ ಆದ ಐಒಐ ಜೊತೆ ಇದನ್ನು ಹೋಲಿಸಬೇಡಿ. ಅಲ್ಲಿ ಒಬ್ಬರಿಗೆ ಒಂದು ಯಂತ್ರ, ಎರಡು ದಿನಕ್ಕೆ ಆರು ಸಮಸ್ಯೆ, ಸಬ್‌ಟಾಸ್ಕ್ ಲೆಕ್ಕದಲ್ಲಿ ಅರ್ಧಂಬರ್ಧ ಅಂಕವೂ ಸಿಗುತ್ತೆ. ಇಲ್ಲಿ ಒಂದೇ ಒಂದು ಟೆಸ್ಟ್ ಕೈಕೊಟ್ಟರೂ ಸೊನ್ನೆ. ಹಾಗಾಗಿ ಇಲ್ಲಿ ಆಲ್ಗಾರಿದಮ್ ಪಾಠ ಬೇಡ, ಕೀಬೋರ್ಡ್ ಸಮಯ ಎಲ್ಲಿ ಸೋರುತ್ತೆ, ಹೇಗೆ ತಡೆಯೋದು ಅನ್ನೋದಷ್ಟೇ ಮಾತಾಡೋಣ.

ಇಪ್ಪತ್ತು_ನಿಮಿಷ

ಹಾಗಾದರೆ ಮೊದಲು ಪೆನಾಲ್ಟಿ ಲೆಕ್ಕ ಸರಿಯಾಗಿ ಹೇಳಿಬಿಡೋಣ. ಅರ್ಧ ಜನ ಎಡವೋದೇ ಇಲ್ಲಿ.

ಎಷ್ಟು ಸಮಸ್ಯೆ ಬಿಡಿಸಿದಿರಿ ಅನ್ನೋದು ಮೊದಲು. ಅದು ಸಮ ಆದರೆ ಪೆನಾಲ್ಟಿ ಕಡಿಮೆ ಇರೋರು ಮೇಲೆ. ಒಂದು ಸಮಸ್ಯೆಯ ಪೆನಾಲ್ಟಿ ಅಂದರೆ ಸ್ಪರ್ಧೆ ಶುರುವಾದಾಗಿನಿಂದ ಅದು ಅಕ್ಸೆಪ್ಟ್ ಆಗೋವರೆಗಿನ ನಿಮಿಷ, ಅದರ ಮೇಲೆ ಅಲ್ಲಿವರೆಗಿನ ಪ್ರತಿ ತಪ್ಪು ಸಬ್ಮಿಶನ್‌ಗೆ 20 ನಿಮಿಷ. ಕೊನೆವರೆಗೂ ಬಿಡಿಸದೇ ಉಳಿದ ಸಮಸ್ಯೆಗೆ ಹತ್ತು ಸಲ ತಪ್ಪು ಕಳಿಸಿದ್ದರೂ ಪೆನಾಲ್ಟಿ ಇಲ್ಲ. ಪೆನಾಲ್ಟಿಯೂ ಸಮ ಬಂದರೆ ಕೊನೆಯ ಅಕ್ಸೆಪ್ಟ್ ಯಾರದ್ದು ಬೇಗ ಅಂತ ನೋಡ್ತಾರೆ.

ಗಡಿಯಾರ ಓಡೋದು ಸ್ಪರ್ಧೆಯ ಶುರುವಿನಿಂದ, ನೀವು ಆ ಸಮಸ್ಯೆ ಕೈಗೆತ್ತಿಕೊಂಡಾಗಿನಿಂದ ಅಲ್ಲ. ಹಾಗಾಗಿ ಬಿಡಿಸುವ ಕ್ರಮಕ್ಕೇ ಬೆಲೆ ಇದೆ. 20, 45, 90 ನಿಮಿಷ ಹಿಡಿಯೋ ಮೂರು ಸಮಸ್ಯೆ ಇವೆ ಅಂದುಕೊಳ್ಳಿ. ಚಿಕ್ಕದರಿಂದ ಹೊರಟರೆ ಅಕ್ಸೆಪ್ಟ್ ಆಗೋದು 20, 65, 155ನೇ ನಿಮಿಷಕ್ಕೆ, ಒಟ್ಟು 240. ದೊಡ್ಡದರಿಂದ ಹೊರಟರೆ 90, 135, 155, ಒಟ್ಟು 380. ಬಿಡಿಸಿದ್ದು ಅವೇ ಮೂರು, ಮುಗಿದದ್ದು ಅದೇ 155ಕ್ಕೆ. ವ್ಯತ್ಯಾಸ ಮಾತ್ರ 140 ನಿಮಿಷ, ಅಂದರೆ ಏಳು ತಪ್ಪು ಸಬ್ಮಿಶನ್ನಿಗೆ ಸಮ.

ಉದ್ದಗ್ರಾಫು

ಲೆಕ್ಕವೇನೋ ಸರಿ, ಆದರೆ ಯಾವುದು 20 ನಿಮಿಷದ್ದು, ಯಾವುದು 90ರದ್ದು ಅಂತ ಹಣೆ ಮೇಲೆ ಬರೆದಿರಲ್ಲವಲ್ಲ. ಸಮಸ್ಯೆಗಳನ್ನು ಸುಲಭದಿಂದ ಕಷ್ಟಕ್ಕೆ ಜೋಡಿಸಿರೋದಿಲ್ಲ. ಎ ಅನ್ನೋದು ಸುಲಭವೇ ಇರಬೇಕು ಅಂತಿಲ್ಲ, ಕೊನೆಯ ಅಕ್ಷರದ್ದೇ ಅತಿ ಸುಲಭ ಆಗಿರಬಹುದು.

ಅದಕ್ಕೇ ಶುರುವಿನ ಹತ್ತು ನಿಮಿಷ ಹೀಗಿರಲಿ. ಒಬ್ಬರು ಕೀಬೋರ್ಡ್ ಹಿಡಿದು ಎಡಿಟರ್ ಸೆಟ್ಟಿಂಗ್, ಟೆಂಪ್ಲೇಟ್, ಕಂಪೈಲ್ ಸ್ಕ್ರಿಪ್ಟ್ ಟೈಪ್ ಮಾಡಲಿ. ಇನ್ನೊಬ್ಬರು ಎ ಇಂದ ಮುಂದಕ್ಕೆ, ಮತ್ತೊಬ್ಬರು ಕೊನೆಯಿಂದ ಹಿಂದಕ್ಕೆ ಓದಲಿ. ಟೈಪ್ ಮುಗಿಸಿದವರು ನಡುವಿನದ್ದು ಓದಲಿ. ಕಥೆ ಆಮೇಲೆ ಓದಿದರಾಯಿತು, ಮೊದಲು ಕಣ್ಣು ಹೋಗಬೇಕಾದ್ದು ಇನ್‌ಪುಟ್ ಮಿತಿಗೆ. ಎನ್ (ಇನ್‌ಪುಟ್ ಗಾತ್ರ) 20ರೊಳಗಿದ್ದರೆ ಎಲ್ಲ ಉಪಗಣಗಳನ್ನೂ ನೋಡಬಹುದು, ಹತ್ತು ಲಕ್ಷ ಚಿಲ್ಲರೆ ಅಷ್ಟೇ. 500 ಇದ್ದರೆ ಮೂರು ಲೂಪ್, ಹನ್ನೆರಡೂವರೆ ಕೋಟಿ ಹೆಜ್ಜೆ, ಸಿ++ ತಡೆಯುತ್ತೆ. 5,000 ಅಂದರೆ ಎರಡು ಲೂಪ್. 2 ಲಕ್ಷ ಅಂತಿದ್ದರೆ ಎನ್ ಲಾಗ್ ಎನ್ ಕಡೆ ಯೋಚಿಸಿ. 10^18 ಅಂತ ಕಂಡರೆ ಲೂಪ್ ಮರೆತುಬಿಡಿ, ಸೂತ್ರ ಇರಬೇಕು, ಇಲ್ಲವೇ ಮ್ಯಾಟ್ರಿಕ್ಸ್ ಘಾತ ಇರಬೇಕು.

ಆಮೇಲೆ ಬಲೂನ್ ನೋಡಿ. ಸಮಸ್ಯೆ ಬಿಡಿಸಿದ ತಂಡದ ಮೇಜಿಗೆ ಬಲೂನ್ ಕಟ್ತಾರೆ, ಒಂದೊಂದು ಸಮಸ್ಯೆಗೆ ಒಂದೊಂದು ಬಣ್ಣ. 30ನೇ ನಿಮಿಷಕ್ಕೆ ಹಾಲ್ ತುಂಬ ಒಂದೇ ಬಣ್ಣ ಹಾರಾಡ್ತಾ ಇದ್ದು ನಿಮ್ಮ ಮೇಜಿನ ಮೇಲೆ ಅದಿಲ್ಲ ಅಂದರೆ ಕೈಲಿರೋದನ್ನು ಬಿಟ್ಟು ಅದನ್ನು ಓದಿ.

ಕೋಚ್_ಹೊರಗೆ

ಉದ್ದಗ್ರಾಫು ಅವರೇ, ಬಲೂನಿನ ಮಾತು ಅರ್ಧ ಒಪ್ಪಿದೆ. ಸ್ಕೋರ್‌ಬೋರ್ಡಿನಲ್ಲಿ ಎಷ್ಟು ತಂಡ ಬಿಡಿಸಿವೆ ಅನ್ನೋದರ ಜೊತೆಗೆ ಎಷ್ಟು ತಂಡ ತಪ್ಪು ಕಳಿಸಿವೆ ಅನ್ನೋದನ್ನೂ ನೋಡಬೇಕು. 15 ತಂಡ ಬಿಡಿಸಿ 60 ತಪ್ಪು ಸಬ್ಮಿಶನ್ ಇದ್ದರೆ ಅದು ಸುಲಭದ್ದಲ್ಲ, ಸುಲಭದ ಹಾಗೆ ಕಾಣುವ ಬಲೆ. ಎಲ್ಲೋ ಮೂಲೆಯ ಕೇಸ್ ಒಂದು ಕೂತಿರುತ್ತೆ. ಅಂಥದ್ದನ್ನು ಇಬ್ಬರು ಓದಿದ ಮೇಲೆಯೇ ಕೋಡ್ ಮಾಡಿ.

ಶೂನ್ಯದಿಂದೆಣಿಕೆ

ಒಳ್ಳೇ ಮಾತು. ಈಗ ಜಗಳದ ವಿಷಯಕ್ಕೆ ಬರೋಣ. ಕಳಿಸಿದ ಕೋಡಿಗೆ ಜಡ್ಜ್ (ಉತ್ತರ ಪರೀಕ್ಷಿಸೋ ಯಂತ್ರ) ಕಡೆಯಿಂದ ರಾಂಗ್ ಆನ್ಸರ್ ಬಂತು. ಕೀಬೋರ್ಡ್ ಮುಂದೆ ಕೂತಿರೋರು ಏಳಬೇಕಾ, ಬೇಡವಾ?

ಇಪ್ಪತ್ತು_ನಿಮಿಷ

ಏಳಬೇಕು. ಅಲ್ಲಿ ಎರಡನೇ ಮಾತಿಲ್ಲ. ಪ್ರಿಂಟ್ ಕೊಟ್ಟು, ಹಾಳೆ ಹಿಡಿದು ಪಕ್ಕದ ಕುರ್ಚಿಗೆ ಹೋಗಿ. ಪರದೆ ಮುಂದೆ ಕೂತು "ಇದೊಂದು ಪ್ಲಸ್ ಒನ್ ಹಾಕಿ ನೋಡ್ತೀನಿ" ಅಂತ ಶುರು ಮಾಡಿದರೆ ಗಾಳಿಗೆ ಗುದ್ದಿದ ಹಾಗೆ. ಪ್ರತಿ ಗುದ್ದಿಗೂ 20 ನಿಮಿಷ.

ಉದ್ದಗ್ರಾಫು

ಕಟ್ಟುನಿಟ್ಟಾಗಿ ಹಾಗೆ ಹೇಳೋಕಾಗಲ್ಲ. ಕೀಬೋರ್ಡ್‌ಗೆ ಬೇರೆ ಯಾರೂ ಕಾಯ್ತಾ ಇಲ್ಲ ಅಂದರೆ ಏಳಬೇಕಾದ ಅಗತ್ಯವೇನು? ಪೂರ್ತಿ ಯೋಚಿಸಿದ ಇನ್ನೊಂದು ಸಮಸ್ಯೆ ಸಾಲಿನಲ್ಲಿದ್ದರೆ ಮಾತ್ರ ಏಳಿ. ಇನ್ನು, ರನ್‌ಟೈಮ್ ಎರರ್ ಬಂದರೆ ಹಾಳೆ ನೋಡೋದಕ್ಕಿಂತ ಯಂತ್ರವೇ ಬೇಗ ಹೇಳುತ್ತೆ. ಅಡ್ರೆಸ್ ಸ್ಯಾನಿಟೈಸರ್ ಹಾಕಿ ಕಂಪೈಲ್ ಮಾಡಿ, ದೊಡ್ಡದೊಂದು ಇನ್‌ಪುಟ್ ಕೊಟ್ಟರೆ ಅರೇ ದಾಟಿದ ಸಾಲಿನ ಸಂಖ್ಯೆ ಸಮೇತ ತೋರಿಸುತ್ತೆ. ಎರಡೇ ನಿಮಿಷದ ಕೆಲಸ.

ಕೋಚ್_ಹೊರಗೆ

ಇಬ್ಬರದ್ದೂ ಸೇರಿಸಿ ಹೇಳೋದಾದರೆ: ಮುಂದಿನವರು ಕಾಯ್ತಾ ಇದ್ದರೆ ತಕ್ಷಣ ಎದ್ದುಬಿಡಿ. ಕಾಯ್ತಾ ಇಲ್ಲದಿದ್ದರೆ ಹತ್ತು ನಿಮಿಷ ಕೂತು, ಆಗಲೂ ಸಿಗದಿದ್ದರೆ ಹಾಳೆಗೆ ಹೋಗಿ. ಇದನ್ನು ಸ್ಪರ್ಧೆ ದಿನ ಅಲ್ಲ, ಅಭ್ಯಾಸದಲ್ಲೇ ಗಟ್ಟಿ ಮಾಡಿಕೊಳ್ಳಬೇಕು. ಗಡಿಯಾರ ನೋಡಿ "ಹತ್ತಾಯ್ತು" ಅನ್ನೋ ಕೆಲಸ ಮೂರನೆಯವರದ್ದು. ಕೂತವರಿಗೆ ಸಮಯ ಹೋಗಿದ್ದೇ ಗೊತ್ತಾಗಲ್ಲ.

ಬಲೂನ್_ದಾರ

ಹಾಳೆ ಹಿಡಿದವರು ಏನು ಹುಡುಕಬೇಕು ಅಂತ ಯಾರೂ ಹೇಳಲಿಲ್ಲ, ನಾನು ಹೇಳ್ತೀನಿ. ತರ್ಕ ತಪ್ಪಿರಬಹುದು ಅಂತ ಮೊದಲೇ ಹೋಗಬೇಡಿ. ಈ ಕ್ರಮದಲ್ಲಿ ಕಣ್ಣಾಡಿಸಿ.

ಮೊದಲು ಗುಣಾಕಾರ. ಇಂಟ್ ಅನ್ನೋ ಸಾಮಾನ್ಯ ಪೂರ್ಣಾಂಕ ಹಿಡಿಯೋದು 2,147,483,647ರವರೆಗೆ. ಒಂದು ಲಕ್ಷವನ್ನು ಒಂದು ಲಕ್ಷದಿಂದ ಗುಣಿಸಿದರೆ ಸಾವಿರ ಕೋಟಿ, ಅಲ್ಲಿಗೆ ತುಂಬಿ ತುಳುಕಿತು. ಉತ್ತರವನ್ನು ಅದಕ್ಕಿಂತ ದೊಡ್ಡದಾದ ಲಾಂಗ್ ಲಾಂಗ್‌ನಲ್ಲಿ ಇಟ್ಟರೂ ಗುಣಿಸುವ ಎರಡೂ ಇಂಟ್ ಆಗಿದ್ದರೆ ಗುಣಾಕಾರ ನಡೆಯೋದು ಇಂಟ್‌ನಲ್ಲೇ. ಕೆಟ್ಟುಹೋದ ಸಂಖ್ಯೆ ಆಮೇಲೆ ದೊಡ್ಡ ಡಬ್ಬಕ್ಕೆ ಬೀಳುತ್ತೆ. 1 ಅನ್ನು 40 ಸ್ಥಾನ ಎಡಕ್ಕೆ ಶಿಫ್ಟ್ ಮಾಡುವಾಗ ಆ 1 ಇಂಟ್ ಆಗಿದ್ದರೂ ಇದೇ ಕಥೆ.

ಆಮೇಲೆ ಅರೇ ಅಳತೆ. ದಿಕ್ಕಿಲ್ಲದ ಗ್ರಾಫಿನಲ್ಲಿ ಒಂದು ಅಂಚನ್ನು ಎರಡು ಸಲ ಇಡ್ತೀವಿ, ಅರೇ ಮಾತ್ರ ಎಂ (ಅಂಚುಗಳ ಸಂಖ್ಯೆ) ಅಳತೆಯದ್ದು ಮಾಡಿರ್ತೀವಿ. ಬೇಕಾದ್ದು 2ಎಂ. ಸೆಗ್ಮೆಂಟ್ ಟ್ರೀಗೆ 4ಎನ್ ಇಟ್ಟರೆ ನೆಮ್ಮದಿ. ಅಳತೆ ಕಡಿಮೆಯಾದರೆ ರನ್‌ಟೈಮ್ ಎರರ್ ಬಂದೇ ಬರುತ್ತೆ ಅನ್ನೋ ಭರವಸೆ ಇಲ್ಲ. ಪಕ್ಕದ ಅರೇ ಮೇಲೆ ಬರೆದು ಸುಮ್ಮನೆ ರಾಂಗ್ ಆನ್ಸರ್ ಕೊಡಬಹುದು, ಆಗ ತರ್ಕವನ್ನೇ ಅನುಮಾನಿಸ್ತಾ ಒಂದು ಗಂಟೆ ಹೋಗುತ್ತೆ.

ಮೂರನೇದು, ಒಂದೇ ಫೈಲಿನಲ್ಲಿ ಹಲವು ಟೆಸ್ಟ್ ಇದ್ದಾಗ ಹಿಂದಿನದರ ಕಸ ಉಳಿಯೋದು. ಇದರಲ್ಲಿ ಎರಡು ಕಡೆ ಪೆಟ್ಟು. ಅಳಿಸದಿದ್ದರೆ ರಾಂಗ್ ಆನ್ಸರ್. ಅಳಿಸೋ ಹುಮ್ಮಸ್ಸಿನಲ್ಲಿ ಪ್ರತಿ ಟೆಸ್ಟಿಗೂ ಹತ್ತು ಲಕ್ಷದ ಇಡೀ ಅರೇ ಅಳಿಸಿದರೆ, ಟೆಸ್ಟ್ ಒಂದು ಲಕ್ಷ ಇದ್ದಾಗ 10^11 ಕೆಲಸ, ಟೈಮ್ ಲಿಮಿಟ್ (ಸಮಯ ಮೀರಿತು) ಅನ್ನೋ ತೀರ್ಪು. ಎನ್‌ಗಳ ಒಟ್ಟು ಮೊತ್ತಕ್ಕೆ ಮಿತಿ ಕೊಟ್ಟಿರ್ತಾರೆ, ಆದ್ದರಿಂದ ಆ ಟೆಸ್ಟಿನಲ್ಲಿ ಬಳಸಿದಷ್ಟನ್ನೇ, ಎನ್‌ವರೆಗೆ ಮಾತ್ರ ಅಳಿಸಿ.

ನಾಲ್ಕನೇದು ಮೈನಸ್. ಸಿ++ನಲ್ಲಿ ಮೈನಸ್ ಸಂಖ್ಯೆಯ ಶೇಷ ಮೈನಸ್ಸೇ ಬರುತ್ತೆ. ಕಳೆದು ಮಾಡ್ಯುಲೋ ತೆಗೆದಲ್ಲೆಲ್ಲ ಮಾಡ್ಯುಲೋ ಸಂಖ್ಯೆಯನ್ನು ಒಮ್ಮೆ ಕೂಡಿಸಿ ಮತ್ತೆ ಶೇಷ ತೆಗೆಯಿರಿ.

ಇಷ್ಟರಲ್ಲಿ ಸಿಗದಿದ್ದರೆ ಆಗ ತರ್ಕ ಅನುಮಾನಿಸಿ. ಕೋಡ್ ಬರೆಯದವರು ಸಮಸ್ಯೆಯನ್ನು ಮತ್ತೆ ಮೊದಲಿಂದ ಓದಲಿ. ತಪ್ಪು ಓದಿದವರಿಗೆ ಎರಡನೇ ಸಲವೂ ಅದೇ ಕಾಣೋದು.

ಉದ್ದಗ್ರಾಫು

ಡೆಸಿಮಲ್ ಬಿಟ್ಟಿರಿ. ಸಿ++ನ ಸಿಔಟ್‌ಗೆ ಹೇಳದೇ ಬಿಟ್ಟರೆ ಆರು ಅಂಕಿ ಮಾತ್ರ ಮುದ್ರಿಸುತ್ತೆ. ಉತ್ತರ 1234567 ಆಗಿದ್ದರೆ ಡಬಲ್‌ನಲ್ಲಿ ಅದು 1.23457 ಗುಣಿಸು 10ರ ಘಾತ 6 ಅನ್ನೋ ರೂಪದಲ್ಲಿ ಬಂದು ಕೂರುತ್ತೆ. ಫಿಕ್ಸೆಡ್ ಹಾಕಿ, ಸೆಟ್‌ಪ್ರಿಸಿಷನ್ 10 ಕೊಡಿ. ಆರ್ಕ್‌ಕೋಸ್ ಬಳಸಿದ್ದರೆ ಒಳಗಿನ ಸಂಖ್ಯೆ 1ಕ್ಕಿಂತ ಕೂದಲೆಳೆಯಷ್ಟು ಹೆಚ್ಚಾದರೂ ಉತ್ತರ ಸಂಖ್ಯೆಯೇ ಅಲ್ಲ ಅಂತ ಬರುತ್ತೆ. ಕೋನಕ್ಕೆ ಎಟ್ಯಾನ್2 ಬಳಸಿ.

ಜ್ಯಾಮಿತಿಯಲ್ಲಿ ಸಾಧ್ಯವಿದ್ದಷ್ಟು ಪೂರ್ಣಾಂಕದಲ್ಲೇ ಉಳೀರಿ. ನಿರ್ದೇಶಾಂಕ ಎರಡೂ ಕಡೆ 10^9ವರೆಗೆ ಇದ್ದರೆ ವ್ಯತ್ಯಾಸ 2×10^9, ಗುಣಲಬ್ಧ 4×10^18, ಕ್ರಾಸ್ ಪ್ರಾಡಕ್ಟ್ 8×10^18. ಲಾಂಗ್ ಲಾಂಗ್ ಮಿತಿ ಸುಮಾರು 9.22×10^18. ಹಿಡಿಯುತ್ತೆ, ಆದರೆ ಅಂಚಿನಲ್ಲಿ. ಅಂಥ ಎರಡು ಕ್ರಾಸ್ ಪ್ರಾಡಕ್ಟ್ ಕೂಡಿಸಿದಿರೋ, ಕೆಟ್ಟಿತು.

ಮೂರನೇಕುರ್ಚಿ

ಬಲೂನ್_ದಾರ ಅವರೇ, ಸ್ಟ್ರೆಸ್ ಟೆಸ್ಟ್, ಅಂದರೆ ಚಿಕ್ಕ ಚಿಕ್ಕ ಇನ್‌ಪುಟ್ ಹಾಕಿ ಇನ್ನೊಂದು ಪರಿಹಾರದ ಜೊತೆ ಹೋಲಿಸೋದು, ಯಾವಾಗ ಮಾಡಬೇಕು? ಅದಕ್ಕೂ ಕೀಬೋರ್ಡ್ ಬೇಕಲ್ಲ?

ಬಲೂನ್_ದಾರ

ಬೇಕು. ಅದಕ್ಕೇ ಅದು ಮೊದಲ ಮದ್ದಲ್ಲ. ಹಾಳೆಯಲ್ಲಿ ಸಿಗಲಿಲ್ಲ, ನಿಧಾನವಾದ ನೇರ ಪರಿಹಾರವನ್ನು ಹತ್ತೇ ನಿಮಿಷದಲ್ಲಿ ಬರೆಯಬಹುದು ಅನ್ನುವಾಗ ಮಾಡಿ. ಮೂರು ಫೈಲ್: ನಿಮ್ಮ ಕೋಡ್, ನೇರ ಪರಿಹಾರ, ಇನ್‌ಪುಟ್ ಹುಟ್ಟಿಸೋದು. ಜೊತೆಗೆ ಮೂರನ್ನೂ ಓಡಿಸಿ ಎರಡು ಉತ್ತರ ಹೋಲಿಸಿ ಬೇರೆ ಬಂದಲ್ಲಿ ನಿಲ್ಲುವ ನಾಲ್ಕು ಸಾಲಿನ ಶೆಲ್ ಲೂಪ್.

ಇನ್‌ಪುಟ್ ಚಿಕ್ಕದಿರಲಿ. ಎನ್ 6ರೊಳಗೆ, ಬೆಲೆಗಳು 5ರೊಳಗೆ. ಬೆಲೆ 10^9ವರೆಗೆ ಬಿಟ್ಟರೆ ಎರಡು ಸಂಖ್ಯೆ ಸಮ ಬರೋದೇ ಅಪರೂಪ, ಆದರೆ ತಪ್ಪು ಅಡಗಿರೋದು ಹೆಚ್ಚಾಗಿ ಸಮ ಬಂದ ಕಡೆಯೇ. ಚಿಕ್ಕ ಕೇಸ್‌ನಲ್ಲಿ ಸಿಕ್ಕಿದರೆ ಕೈಯಲ್ಲೇ ಲೆಕ್ಕ ಹಾಕಿ ನೋಡಬಹುದು. ಸಾವಿರ ಸಲ ಓಡಿಸಿದರೂ ವ್ಯತ್ಯಾಸ ಬರಲಿಲ್ಲ ಅಂದರೆ ಅದೂ ಒಂದು ಸುದ್ದಿಯೇ. ತರ್ಕ ಬಹುಪಾಲು ಸರಿ ಇದೆ, ಓವರ್‌ಫ್ಲೋ ಇಲ್ಲವೇ ಅರೇ ಅಳತೆ ಹುಡುಕಿ. ಒಂದು ಎಚ್ಚರಿಕೆ, ನೇರ ಪರಿಹಾರವನ್ನು ಬೇರೆಯವರು ಬರೆಯಲಿ. ಸಮಸ್ಯೆಯನ್ನು ತಪ್ಪಾಗಿ ಅರ್ಥ ಮಾಡಿಕೊಂಡವರೇ ಎರಡನ್ನೂ ಬರೆದರೆ ಎರಡೂ ಒಂದೇ ತಪ್ಪು ಉತ್ತರ ಕೊಟ್ಟು ನಗುತ್ತವೆ.

ಇಪ್ಪತ್ತು_ನಿಮಿಷ

ಟೈಮ್ ಲಿಮಿಟ್ ಬಗ್ಗೆಯೂ ಒಂದು ಮಾತು. ಸೆಕೆಂಡಿಗೆ ಹತ್ತು ಕೋಟಿ ಸರಳ ಹೆಜ್ಜೆ ಅಂತ ಅಂದಾಜು ಇಟ್ಟುಕೊಳ್ಳಿ. ಅದರೊಳಗಿದ್ದೂ ಟೈಮ್ ಲಿಮಿಟ್ ಬಂತೆಂದರೆ ಇನ್‌ಪುಟ್ ಓದೋದೇ ನಿಧಾನ ಇರಬಹುದು. ಸಿ++ನಲ್ಲಿ ಸಿಂಕ್ ಆಫ್ ಮಾಡಿ, ಎಂಡ್‌ಎಲ್ ಬದಲು ಹೊಸಸಾಲಿನ ಅಕ್ಷರ ಹಾಕಿ. ಎಂಡ್‌ಎಲ್ ಪ್ರತಿ ಸಾಲಿಗೂ ಬಫರ್ ಖಾಲಿ ಮಾಡುತ್ತೆ, ಐದು ಲಕ್ಷ ಸಾಲು ಬರೆಯುವಾಗ ಅದೇ ಭಾರ. ಜಾವಾದಲ್ಲಿ ಸ್ಕ್ಯಾನರ್ ಬೇಡ, ಬಫರ್ಡ್ ರೀಡರ್ ಬಳಸಿ.

ಶೂನ್ಯದಿಂದೆಣಿಕೆ

ಇದನ್ನೇ ಟೆಂಪ್ಲೇಟ್‌ನಲ್ಲಿ ಮ್ಯಾಕ್ರೋ ಮಾಡಿ, ಎಂಡ್‌ಎಲ್ ಅಂದರೆ ಹೊಸಸಾಲು ಅಂತ ಬದಲಿಸಿಡೋ ಅಭ್ಯಾಸ ತುಂಬ ಜನಕ್ಕಿದೆ. ಇಂಟರಾಕ್ಟಿವ್ ಸಮಸ್ಯೆ ಬಂದಾಗ ಅದೇ ಕುತ್ತಿಗೆಗೆ ಬರುತ್ತೆ. ಅಲ್ಲಿ ನೀವು ಪ್ರಶ್ನೆ ಮುದ್ರಿಸಬೇಕು, ಜಡ್ಜ್ ಉತ್ತರಿಸಬೇಕು. ಫ್ಲಷ್ ಆಗದಿದ್ದರೆ ಪ್ರಶ್ನೆ ನಿಮ್ಮ ಬಫರಿನಲ್ಲೇ ಕೂತಿರುತ್ತೆ. ಅತ್ತ ಜಡ್ಜ್ ಕಾಯುತ್ತೆ, ಇತ್ತ ನೀವು ಕಾಯ್ತೀರಿ, ಕೊನೆಗೆ ಟೈಮ್ ಲಿಮಿಟ್. ಆಲ್ಗಾರಿದಮ್ ನಿಧಾನ ಅಂದುಕೊಂಡು ಅದನ್ನೇ ಬದಲಾಯಿಸೋಕೆ ಕೂತುಬಿಡ್ತಾರೆ. ಇಂಟರಾಕ್ಟಿವ್ ಅಂತ ಕಂಡ ತಕ್ಷಣ ಆ ಮ್ಯಾಕ್ರೋ ಸಾಲು ಅಳಿಸಿ.

ಮೂರನೇಕುರ್ಚಿ

ಪೈಥಾನ್‌ನಲ್ಲೇ ಇಡೀ ಸ್ಪರ್ಧೆ ಸಾಗಿಸಬಹುದಾ?

ಉದ್ದಗ್ರಾಫು

ವಿಶ್ವ ಫೈನಲ್ಸ್‌ನಲ್ಲಿ ಸಿ, ಸಿ++, ಜಾವಾ, ಪೈಥಾನ್, ಕಾಟ್ಲಿನ್ ಐದಕ್ಕೂ ಅವಕಾಶ ಇದೆ. ಆದರೆ ಕೊಟ್ಟ ಸಮಯದೊಳಗೆ ಪ್ರತಿ ಸಮಸ್ಯೆಯೂ ಪೈಥಾನ್‌ನಲ್ಲಿ ಬಿಡಿಸಲು ಆಗುತ್ತೆ ಅನ್ನೋ ಖಾತ್ರಿ ಇಲ್ಲ. ಮೂವರಿಗೂ ಸಿ++ ಇರಲಿ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಹಾಳೆಯಲ್ಲಿ ಓದಿ ತಪ್ಪು ಹಿಡಿಯಬೇಕಲ್ಲ, ಭಾಷೆ ಬೇರೆಯಾದರೆ ಅದು ಆಗಲ್ಲ. ಪೈಥಾನ್ ಇಟ್ಟುಕೊಳ್ಳಬೇಕಾದ್ದು ದೊಡ್ಡ ಪೂರ್ಣಾಂಕಕ್ಕೆ, ಸ್ಟ್ರಿಂಗ್ ಚಿತ್ರಾನ್ನದಂಥ ಇನ್‌ಪುಟ್‌ಗೆ, ಸ್ಟ್ರೆಸ್ ಟೆಸ್ಟಿನ ಇನ್‌ಪುಟ್ ಹುಟ್ಟಿಸೋದಕ್ಕೆ. ರಿಕರ್ಷನ್ ಆಳಕ್ಕೆ ಅದರಲ್ಲಿ ಮೊದಲೇ 1000ದ ಮಿತಿ ಇದೆ ಅನ್ನೋದು ನೆನಪಿರಲಿ.

ರಿಕರ್ಷನ್ ಅಂದಾಗ ಸಿ++ನವರೂ ಬೀಗಬೇಡಿ. ಹತ್ತು ಲಕ್ಷ ಶೃಂಗಗಳು ಒಂದೇ ಸರಪಳಿಯಂತಿರೋ ಗ್ರಾಫಿನಲ್ಲಿ ಆಳಕ್ಕಿಳಿದು ಹುಡುಕೋ ಡಿಎಫ್‌ಎಸ್ ಹೋದರೆ, ಒಂದು ಕರೆಗೆ 100 ಬೈಟ್ ಅಂದರೂ 100 ಎಂಬಿ ಸ್ಟ್ಯಾಕ್. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಇರೋದು 8 ಎಂಬಿ. ಜಡ್ಜ್ ಯಂತ್ರದಲ್ಲಿ ಮಿತಿ ಬೇರೆ ಇರಬಹುದು, ಅದನ್ನು ಹಿಂದಿನ ದಿನದ ಅಭ್ಯಾಸ ಅವಧಿಯಲ್ಲೇ ತಿಳಿದುಕೊಳ್ಳಬೇಕು.

ಕೋಚ್_ಹೊರಗೆ

ಅಭ್ಯಾಸ ಅವಧಿಯನ್ನು ಸುಲಭ ಸಮಸ್ಯೆ ಬಿಡಿಸಿ ಬಲೂನ್ ಎಣಿಸೋಕೆ ಖರ್ಚು ಮಾಡೋರೇ ಹೆಚ್ಚು. ಅಲ್ಲಿ ಅಕ್ಸೆಪ್ಟ್ ಆಗಿ ಏನೂ ಸಿಗಲ್ಲ, ತಪ್ಪು ಕಳಿಸಿದರೆ ಏನೂ ಹೋಗಲ್ಲ. ಬೇಕಂತಲೇ ತಪ್ಪು ಕಳಿಸಿ. ನೂರು ಕೋಟಿ ಸುತ್ತಿನ ಲೂಪ್ ಒಂದನ್ನು ಕಳಿಸಿ ಜಡ್ಜ್ ಯಂತ್ರ ನಿಮ್ಮ ಮುಂದಿನ ಯಂತ್ರಕ್ಕಿಂತ ಎಷ್ಟು ಬೇಗ ಅಂತ ಅಂದಾಜು ಮಾಡಿ. ಲೂಪಿನ ಉತ್ತರ ಮುದ್ರಿಸಿ, ಇಲ್ಲದಿದ್ದರೆ ಕಂಪೈಲರ್ ಇಡೀ ಲೂಪನ್ನೇ ಎತ್ತಿಹಾಕುತ್ತೆ. ಹತ್ತು ಲಕ್ಷ ಆಳದ ರಿಕರ್ಷನ್ ಕಳಿಸಿ. 128 ಬಿಟ್ ಪೂರ್ಣಾಂಕ ಕಂಪೈಲ್ ಆಗುತ್ತಾ ನೋಡಿ. ಅಸರ್ಟ್ ಸೋತರೆ ರನ್‌ಟೈಮ್ ಎರರ್ ಅಂತ ತೋರಿಸುತ್ತಾ ನೋಡಿ. ಕಂಪೈಲ್ ಎರರ್‌ಗೆ ಪೆನಾಲ್ಟಿ ಇದೆಯಾ ಕೇಳಿ, ಎಲ್ಲ ಕಡೆ ಒಂದೇ ಥರ ಇರಲ್ಲ. ಪ್ರಿಂಟ್ ಕೊಟ್ಟು ಹಾಳೆ ಕೈಗೆ ಬರೋಕೆ ಎಷ್ಟು ನಿಮಿಷ ಅಂತ ಅಳೀರಿ. ಐದು ನಿಮಿಷ ಹಿಡಿಯುತ್ತೆ ಅಂದರೆ ಸಬ್ಮಿಟ್ ಮಾಡಿದ ಕೂಡಲೇ, ಫಲಿತಾಂಶ ಬರೋಕೆ ಮುಂಚೆಯೇ ಪ್ರಿಂಟ್ ಕೊಡೋ ಪದ್ಧತಿ ಇಟ್ಟುಕೊಳ್ಳಿ.

ಕೀಬೋರ್ಡ್ ಮುಟ್ಟಿ ನೋಡೋದನ್ನೂ ಮರೀಬೇಡಿ. ಬ್ಯಾಕ್‌ಸ್ಲ್ಯಾಶ್ ಬೇರೆ ಕಡೆ ಇರೋ ಲೇಔಟ್ ಸಿಕ್ಕಿ ಒದ್ದಾಡೋದು ಹೊಸದಲ್ಲ.

ಮೂರನೇಕುರ್ಚಿ

ನೋಟ್‌ಬುಕ್, ಅಂದರೆ ಸ್ಪರ್ಧೆಗೆ ಒಯ್ಯೋ ಮುದ್ರಿತ ಕೋಡ್ ಸಂಗ್ರಹ, ಎಷ್ಟು ಪುಟ ಇರಬೇಕು?

ಬಲೂನ್_ದಾರ

ವಿಶ್ವ ಫೈನಲ್ಸ್‌ನಲ್ಲಿ ಮಿತಿ 25 ಪುಟ, ಒಂದೇ ಬದಿ ಮುದ್ರಣ, ಎ4 ಅಥವಾ ಲೆಟರ್ ಅಳತೆ. ಅರ್ಧ ಮೀಟರ್ ದೂರದಿಂದ ಭೂತಗನ್ನಡಿ ಇಲ್ಲದೆ ಓದುವಂತಿರಬೇಕು, ಹಾಗಾಗಿ ಇರುವೆ ಅಕ್ಷರದಲ್ಲಿ ನೂರು ಪುಟ ತುರುಕೋ ಆಟ ನಡೆಯಲ್ಲ. ಪ್ರಾದೇಶಿಕ ಸುತ್ತುಗಳ ನಿಯಮ ಬೇರೆ ಬೇರೆ, ಅವರ ಸೂಚನೆ ಓದಿ.

ಕೆಟಿಎಚ್‌ನವರ (ಸ್ವೀಡನ್ನಿನ ವಿಶ್ವವಿದ್ಯಾಲಯ) ಕ್ಯಾಕ್ಟಲ್ ಅನ್ನೋ ಸಿದ್ಧ ನೋಟ್‌ಬುಕ್ ಎಲ್ಲರಿಗೂ ಸಿಗುತ್ತೆ, ಹಾಗೇ ಮುದ್ರಿಸಿ ತರೋರು ಬೇಕಾದಷ್ಟು. ಕೋಡ್ ಚೆನ್ನಾಗಿದೆ, ತಕರಾರಿಲ್ಲ. ಆದರೆ ಅಭ್ಯಾಸದಲ್ಲಿ ಒಮ್ಮೆಯೂ ಟೈಪ್ ಮಾಡದ ಕೋಡ್ ಸ್ಪರ್ಧೆಯಲ್ಲಿ ಉಪಯೋಗಕ್ಕೆ ಬರೋದು ಅನುಮಾನ. ಎಣಿಕೆ 0ಯಿಂದಲೋ 1ರಿಂದಲೋ, ಕೊನೆ ಅಂಚು ಸೇರುತ್ತೋ ಇಲ್ಲವೋ ಅನ್ನೋದೇ ಗೊತ್ತಿರಲ್ಲ. ಪ್ರತಿ ತುಣುಕಿನ ಮೇಲೆ ಇನ್‌ಪುಟ್ ಏನು, ಔಟ್‌ಪುಟ್ ಏನು, ಎಷ್ಟು ಸಮಯ ಹಿಡಿಯುತ್ತೆ ಅಂತ ಒಂದು ಸಾಲು ನೀವೇ ಬರೆದಿಡಿ.

ಅದರಲ್ಲೊಂದು ಜಾಣ ಉಪಾಯ ಇದೆ, ಅದನ್ನು ಮಾತ್ರ ಕದೀರಿ. ಪ್ರತಿ ಕೋಡಿನ ಜೊತೆ ಆರು ಅಕ್ಷರದ ಹ್ಯಾಶ್ ಮುದ್ರಿಸಿರ್ತಾರೆ. ಟೈಪ್ ಮಾಡಿದ ಮೇಲೆ ಖಾಲಿ ಜಾಗ, ಕಾಮೆಂಟ್ ಬಿಟ್ಟು ಉಳಿದದ್ದಕ್ಕೆ ಎಂಡಿ5 ತೆಗೆದು ಮೊದಲ ಆರು ಅಕ್ಷರ ಹೋಲಿಸೋದು. ತಾಳೆಯಾದರೆ ಟೈಪಿಂಗ್ ತಪ್ಪಿಲ್ಲ ಅಂತ ಧೈರ್ಯವಾಗಿ ಬೇರೆ ಕಡೆ ಹುಡುಕಬಹುದು. 60 ಸಾಲಿನ ಫ್ಲೋ ಕೋಡಿನಲ್ಲಿ ಒಂದು ಮೈನಸ್ ಬಿಟ್ಟುಹೋದದ್ದನ್ನು ಕಣ್ಣಲ್ಲಿ ಹುಡುಕೋ ಕಷ್ಟ ತಪ್ಪುತ್ತೆ.

ಇಪ್ಪತ್ತು_ನಿಮಿಷ

ಕೊನೆಯ ಗಂಟೆಯ ಬಗ್ಗೆ ಹೇಳಬೇಕು. 240ನೇ ನಿಮಿಷಕ್ಕೆ ಸ್ಕೋರ್‌ಬೋರ್ಡ್ ಫ್ರೀಜ್ ಆಗುತ್ತೆ. ಬೇರೆ ತಂಡಗಳು ಏನು ಕಳಿಸ್ತಿವೆ ಅನ್ನೋದು ಕಾಣಬಹುದು, ಸರಿಯೋ ತಪ್ಪೋ ಕಾಣಲ್ಲ. ಅಂದರೆ ಯಾವುದು ಸುಲಭ ಅಂತ ಬೋರ್ಡ್ ನೋಡಿ ತಿಳಿಯೋದು ಅಲ್ಲಿಗೆ ನಿಂತಿತು. 235ಕ್ಕೆ ಒಮ್ಮೆ ಬೋರ್ಡ್ ಪೂರ್ತಿ ನೋಡಿ, ಉಳಿದವುಗಳಲ್ಲಿ ಯಾವುದನ್ನು ಎಷ್ಟು ತಂಡ ಬಿಡಿಸಿವೆ ಅಂತ ಹಾಳೆ ಮೇಲೆ ಗುರುತು ಹಾಕಿಕೊಳ್ಳಿ.

ಆಮೇಲೆ ಒಂದೇ ಸಮಸ್ಯೆ ಆರಿಸಿ, ಮೂವರೂ ಅದರ ಮೇಲೆ ಬೀಳಿ. ಒಬ್ಬರು ಟೈಪ್, ಒಬ್ಬರು ಪಕ್ಕದಲ್ಲಿ ಕೂತು ಸಾಲು ಸಾಲು ಓದೋದು, ಒಬ್ಬರು ಮೂಲೆಯ ಕೇಸ್ ಬರೆಯೋದು: ಎನ್ 1 ಆದರೆ, ಎಲ್ಲ ಬೆಲೆ ಸಮ ಆದರೆ, ಗ್ರಾಫ್ ತುಂಡಾಗಿದ್ದರೆ. ಮೂರು ಸಮಸ್ಯೆ ಮುಕ್ಕಾಲು ಮುಕ್ಕಾಲು ಮಾಡಿಟ್ಟು ಗಂಟೆ ಹೊಡೆದರೆ ಮೂರಕ್ಕೂ ಸೊನ್ನೆ.

ಉದ್ದಗ್ರಾಫು

ಆ ಹೊತ್ತಲ್ಲಿ ಪೆನಾಲ್ಟಿಗೆ ಹೆದರಬೇಡಿ ಅಂತಲೂ ಸೇರಿಸಿ. ಹೆಸರೇ ಇಪ್ಪತ್ತು ನಿಮಿಷ ಇಟ್ಟುಕೊಂಡವರು ಅದನ್ನು ಹೇಳಲ್ಲ ಅಂತ ಗೊತ್ತು. 290ನೇ ನಿಮಿಷದಲ್ಲಿ ಅನುಮಾನ ಇದ್ದರೂ ಕಳಿಸಿ. ಬಿಡಿಸಲಾಗದಿದ್ದರೆ ಪೆನಾಲ್ಟಿಯೇ ಇಲ್ಲ, ಬಿಡಿಸಿದರೆ ಒಂದು ಸಮಸ್ಯೆ ಹೆಚ್ಚು. ಯಾವ ಪೆನಾಲ್ಟಿಯೂ ಒಂದು ಸಮಸ್ಯೆಗಿಂತ ದೊಡ್ಡದಲ್ಲ.

ಇಪ್ಪತ್ತು_ನಿಮಿಷ

ಒಪ್ಪಿದೆ ಮಾರಾಯ್ರೇ. ಆದರೆ 40ನೇ ನಿಮಿಷದಲ್ಲಿ ಅದೇ ಧಾರಾಳ ತೋರಿಸಬೇಡಿ. ಫೈನಲ್ಸ್‌ನಲ್ಲಿ ಮೊದಲ 12 ಸ್ಥಾನಕ್ಕೆ ಪದಕ, ನಾಲ್ಕು ಚಿನ್ನ, ನಾಲ್ಕು ಬೆಳ್ಳಿ, ನಾಲ್ಕು ಕಂಚು. ಆ ಗೆರೆಯ ಹತ್ತಿರ ಒಂದೇ ಸಂಖ್ಯೆ ಬಿಡಿಸಿದ ತಂಡಗಳು ಗುಂಪಾಗಿ ನಿಂತಿರ್ತವೆ. 2015ರ ಮರ್ರಾಕೆಶ್ ಫೈನಲ್ಸ್‌ನಲ್ಲಿ ರಷ್ಯಾದ ಐಟಿಎಂಒ ವಿಶ್ವವಿದ್ಯಾಲಯದ ತಂಡ 13ಕ್ಕೆ 13 ಬಿಡಿಸಿತು. ಅಂಥವರಿಗೆ ಪೆನಾಲ್ಟಿ ಲೆಕ್ಕ ಬೇಕಾಗಲ್ಲ. ಉಳಿದವರಿಗೆ ಬೇಕು.

ಮೂರನೇಕುರ್ಚಿ

ಕೊನೇದೊಂದು. ಸಮಸ್ಯೆಯ ವಾಕ್ಯವೇ ಗೊಂದಲ ಇದ್ದರೆ?

ಕೋಚ್_ಹೊರಗೆ

ಕ್ಲಾರಿಫಿಕೇಶನ್ ಕಳಿಸಿ. ಕೋಚ್ ಕಡೆ ನೋಡಬೇಡಿ, ಸ್ಪರ್ಧೆ ನಡೆಯುವಾಗ ಅವರ ಜೊತೆ ಮಾತಾಡೋ ಹಾಗಿಲ್ಲ. "ಇದು ಅರ್ಥ ಆಗಲಿಲ್ಲ" ಅಂತ ಬರೆದರೆ ಸಮಸ್ಯೆಯನ್ನು ಮತ್ತೆ ಓದಿ ಅನ್ನೋ ಉತ್ತರವಷ್ಟೇ ಬರುತ್ತೆ. ಹೌದು ಅಥವಾ ಇಲ್ಲ ಅಂತ ಉತ್ತರಿಸಬಹುದಾದ ಪ್ರಶ್ನೆ ಕೇಳಿ: "ಒಂದೇ ಜೋಡಿ ಶೃಂಗಗಳ ನಡುವೆ ಎರಡು ಅಂಚು ಇರಬಹುದೇ?" ಅಂತ. ನಿಜವಾಗಿಯೂ ವಾಕ್ಯದಲ್ಲಿ ತೊಡಕಿದ್ದರೆ ಉತ್ತರ ಎಲ್ಲ ತಂಡಕ್ಕೂ ಹೋಗುತ್ತೆ. ಹಾಗೆ ಎಲ್ಲರಿಗೂ ಬಂದ ಸೂಚನೆಯನ್ನು ಟೈಪ್ ಮಾಡ್ತಾ ಇರೋರು ಓದಿರಲ್ಲ, ಪಕ್ಕದವರು ಗಟ್ಟಿಯಾಗಿ ಓದಿ ಹೇಳಿ. ಮತ್ತೆ ಕಳಿಸಿ ಕಾಯ್ತಾ ಕೂರಬೇಡಿ. ಅಷ್ಟರಲ್ಲಿ ಎರಡು ಅಂಚು ಇದ್ದರೂ ನಡೆಯೋ ಹಾಗೆ ಕೋಡ್ ಬರೆದುಬಿಟ್ಟರೆ ಉತ್ತರ ಯಾವ ಕಡೆ ಬಂದರೂ ಚಿಂತೆ ಇಲ್ಲ.